ಅವನು ಇಂಗ್ಲಿಷಿನಲ್ಲಿ ಅಂದದ್ದು

ಬಳೆಗೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿದೆ, ಬಿಡಿಸಿದರೆ ಇನ್ನೊಂದು ಬಳೆಗೆ ಹೋಗಿ ಕೂಡುತ್ತದೆ, ಐ ಕುಡ್ ಡೂ ವರ್ಸ್ — ಇದೂ ಹಾಗೆಯೇ, ನಿನ್ನೆ ಸಂಜೆಯಿಂದ ಬಿಡುತ್ತಿಲ್ಲ, ನನ್ನನ್ನು ನೋಡಲು ಬಂದ ಕುಂದಗೋಳದ ವರ, ಬ್ಯಾಂಕಿನ ಕಾರಕೂನ, ಹೋಗುವಾಗ ಪಡಸಾಲೆಯಲ್ಲಿ ನಿಂತು ಗೆಳೆಯನಿಗೆ ಅಂದದ್ದು, ಅನ್ನುತ್ತಲೇ ಪಕ್ಕದ ಹತ್ತಿಯ ರಾಶಿಯಿಂದ ಒಂದು ಚಿಟಿಕೆ ಕಿತ್ತು, ಎಳೆದು ನೋಡಿ, ಕೆಳಗೆ ಬಿಟ್ಟು, ಬೆರಳು ಪ್ಯಾಂಟಿಗೆ ಒರೆಸಿಕೊಂಡ. ಏನಂದಾ ಅಂವಾ, ಅವ್ವ ಕೇಳಿದಳು, ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ, ಗೊತ್ತಿಲ್ಲ ಎನ್ನಲು ನಾಚಿಕೆ, ಹುಡುಗಿ ಛಲೋ ಅದಾಳ ಅಂದ ಎಂದುಬಿಟ್ಟೆ, ಈಗ ಅದೇ ಮಾತು ನಂಬಿ ಅಪ್ಪ ರುಮಾಲು ಸುತ್ತುತ್ತಿದ್ದಾನೆ, ಕುಂದಗೋಳಕ್ಕೆ ಹೋಗಿ ನಮ್ಮದೂ ಒಪ್ಪಿಗೆ ಎಂದು ಮಾತು ಕೊಟ್ಟುಬರಲು.

ಡೂ ಅಂದರೆ ಮಾಡು, ವರ್ಸ್ ಅಂದರೆ ಇನ್ನೂ ಕೆಟ್ಟದ್ದು, ಇನ್ನೂ ಕೆಟ್ಟದ್ದು ಮಾಡಬಲ್ಲೆ — ಹೆದರಿಸಿದನೇ, ಹೆದರಿಸುವವನ ಮುಖವಲ್ಲ ಅದು, ಅವಲಕ್ಕಿಯ ಮೆಣಸಿನಕಾಯಿ ಹೆಕ್ಕಿ ತಟ್ಟೆಯ ಅಂಚಿಗಿಡುತ್ತ, ಎಷ್ಟ ಕಲ್ತಾಳ್ರಿ ಎಂದು ಎದುರಿಗೆ ಕೂತ ನನ್ನನ್ನು ಬಿಟ್ಟು ಅಪ್ಪನನ್ನು ಕೇಳಿದವನು. ನವಲಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ರಹಿಮಾನಸಾಬ ಮಾಸ್ತರರು ಅನ್ನುತ್ತಿದ್ದರು, ಒಂದೊಂದ ಶಬ್ದಾ ಹಿಡದ ಜಗ್ಗಬ್ಯಾಡ್ರಿ, ಅಂಥಾ ಹೊತ್ತಿನ್ಯಾಗ ನಮ್ಮ ಮಂದಿ ಏನಂತಾರ ಅದನ್ನ ನೋಡ್ರಿ — ನಮ್ಮ ಮಂದಿ, ಹತ್ತಿ ಎಳೆದು ನೋಡುವಾಗ, ಏನನ್ನುತ್ತಾರೆ, ಏನು, ಅಣ್ಣಿಗೇರಿಯ ಪೇಟೆ, ನಾನು ಸಣ್ಣವಳು, ಅಪ್ಪನ ಚಕ್ಕಡಿಯ ಮೇಲೆ ಕೂತಿದ್ದೇನೆ, ವ್ಯಾಪಾರಿ ನಮ್ಮ ಹತ್ತಿಗೆ ಕೈ ಹಾಕಿ ಚಿಟಿಕೆ ಕಿತ್ತು ಎಳೆದು ಬಿಸಾಕಿ ಧೋತರಕ್ಕೆ ಬೆರಳು ಒರೆಸುತ್ತಾನೆ, ಇದಕಿಂತಾ ಹೊಲಸ ಮಾಲ ನೋಡೇವಿ, ಹಾಕ್ರಿ ತಕ್ಕಡ್ಯಾಗ — ಮಾಲು ಹೋಯಿತು, ಆದರೂ ಅಂದು ನಮ್ಮೂರು ತಿರ್ಲಾಪುರ ಮುಟ್ಟುವ ತನಕ ಅಪ್ಪ ಮಾತಾಡಲಿಲ್ಲ.

ಹಾಗಾದರೆ ಒಪ್ಪಿದ್ದಾನೆ, ನಾನು ಹೇಳಿದ್ದು ಪೂರಾ ಸುಳ್ಳೂ ಅಲ್ಲ, ಇದಕ್ಕಿಂತ ಕೆಟ್ಟದ್ದೂ ಗಂಟು ಬೀಳಬಹುದಿತ್ತು, ನಡೀತೈತಿ, ಅಂದಿದ್ದಾನೆ, ಇಷ್ಟೇ — ಇಷ್ಟೇನಾ ನಾನು, ಅಳುವಲ್ಲ, ಸಿಟ್ಟು, ಬರೀ ಸಿಟ್ಟು, ಅಪ್ಪ ಚಪ್ಪಲಿ ಮೆಟ್ಟಿದ, ಬಸ್ಸಿನ ಹೊತ್ತಾಯಿತು, ಅಪ್ಪಾ ತಡಿ, ಅಂದವಳು ನಾನೇ ಇರಬೇಕು, ಅಪ್ಪ ತಿರುಗಿದ, ಯಾಕವ್ವಾ ಕಸ್ತೂರಿ, ಅಂವಾ ಅಂದದ್ದು ಬ್ಯಾರೆ ಐತೇನ — ಬೇರೆ ಅಲ್ಲ, ಆದರೆ ಅದೂ ಅಲ್ಲ, ಹೇಗೆ ಹೇಳಲಿ, ಹತ್ತಿಯ ರಾಶಿಗೆ ಕೈ ಹಾಕಿದೆ, ಚಿಟಿಕೆ ಕಿತ್ತೆ, ಎಳೆದೆ, ಅಪ್ಪನ ಮುಂದೆಯೇ ನೆಲಕ್ಕೆ ಬಿಟ್ಟು ಸೀರೆಗೆ ಬೆರಳು ಒರೆಸಿಕೊಂಡೆ, ಇಂವಾ ಹಿಂಗಂದ ಅಪ್ಪಾ — ಅಪ್ಪ ಚಪ್ಪಲಿ ಕಳಚಿದ, ಬಿಚ್ಚಲು ರುಮಾಲಿನ ತುದಿ ಹುಡುಕುತ್ತಿದ್ದಾನೆ, ಬಸ್ಸು ಹಾರ್ನ್ ಹೊಡೆಯುತ್ತಿದೆ, ನೆಲದ ಮೇಲೆ ಚಿಟಿಕೆ ಹತ್ತಿ, ಬೆರಳು, ಪ್ಯಾಂಟಿಗೆ ಒರೆಸಿಕೊಂಡ ಆ ಬೆರಳು