ಮೇಲೂ ಬಾದಾಮಿ, ಕೆಳಗೂ ಬಾದಾಮಿ

ಪಕ್ಕದ ಮನೆಯ ಭಾನುಪ್ರಿಯ ಹಿತ್ತಲ ಗೋಡೆಯ ಮೇಲಿಂದ ಬಿಸಿನೀರಿನ ಕೊಡ ದಾಟಿಸಿದಳು. ಈಚೆ ಕಡೆ ಮುಬಶ್ಶಿರಾ ಎರಡೂ ಕೈ ಚಾಚಿ ಅದನ್ನು ಇಳಿಸಿಕೊಂಡಳು.

"ಹುಷಾರು, ಸುಡ್ತೈತೆ. ಇನ್ನೊಂದು ಹಂಡೆ ಕಾಯ್ತಾ ಐತೆ, ಸಾಕಾಗ್ಲಿಲ್ಲ ಅಂದ್ರೆ ಕೂಗು."

"ಒಳಗೆ ಖಾಲಾ ಸಾಕು ಅಂದ್ರು," ಎಂದ ಮುಬಶ್ಶಿರಾ ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತು.

ಅವಳ ಅತ್ತೆ ರೋಶನ್ ಬೀ ಬೆಳಗಿನ ನಮಾಜು ಮುಗಿಸಿ ಮಂಚದ ಮೇಲೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರು. ಚಹಾ ತಂದು ಕರೆದಾಗ ಉತ್ತರ ಬಂದಿರಲಿಲ್ಲ. ಸುದ್ದಿ ತಿಳಿದ ಕೂಡಲೇ ಚನ್ನಪಟ್ಟಣದಿಂದ ಅವರ ಅಕ್ಕ, ಮುಬಶ್ಶಿರಾ ಖಾಲಾ ಎಂದು ಕರೆಯುವ ಬದ್ರುನ್ನೀಸಾ ಬಂದಿಳಿದಿದ್ದರು. ಈಗ ಚಾದರದ ಮರೆಯಲ್ಲಿ ಅವರೇ ತಂಗಿಗೆ ಕಡೆಯ ಸ್ನಾನ ಮಾಡಿಸುತ್ತಿದ್ದರು. ಕೈ ತೊಳೆಯುವಾಗ ಮಾತ್ರ ತುಂಬ ಹೊತ್ತು ತೆಗೆದುಕೊಂಡರು. ರಾಮನಗರದ ರೇಷ್ಮೆ ನೂಲು ತೆಗೆಯುವ ಘಟಕಗಳಲ್ಲಿ, ಕುದಿಯುವ ಗೂಡುಗಳ ನಡುವೆ ಎಳೆಯ ತುದಿ ಹುಡುಕಿ ಹುಡುಕಿ ದಪ್ಪಗಾದ ಬೆರಳುಗಳು ಅವು. ಚರ್ಮ ಬಿಳಿಚಿ, ಗೆರೆಗಳೇ ಅಳಿಸಿಹೋಗಿದ್ದವು.

ಹೊಸ್ತಿಲ ಬಳಿ ಮುಬಶ್ಶಿರಾಳ ಮಗಳು, ಹನ್ನೆರಡರ ಸುಹಾನಾ, ಮೊಣಕಾಲು ತಬ್ಬಿ ಕೂತಿದ್ದಳು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬೀದಿಯವರು ಫ್ಲಾಸ್ಕಿನಲ್ಲಿ ಚಹಾ, ತಟ್ಟೆಯಲ್ಲಿ ರಸ್ಕು, ಬನ್ನು ತಂದಿಟ್ಟಿದ್ದರು. ಎದುರು ಮನೆಯ ಮಹೀನ್ ಒಂದು ರಸ್ಕು ಎತ್ತಿ ಹುಡುಗಿಯ ಕೈಗೆ ತುರುಕಿದಳು.

"ತಿನ್ನು ಬೇಟಾ. ಬೆಳಗ್ಗೆಯಿಂದ ಬರೀ ಹೊಟ್ಟೇಲಿದ್ದೀಯ."

"ನಂಗೆ ಗೋಧಿ ಆಗಲ್ಲ ಆಂಟಿ."

"ಒಂದು ರಸ್ಕು ತಿಂದ್ರೆ ಏನಾಗುತ್ತೆ?"

ಖಾಲಿ ಕೊಡ ಹಿಡಿದು ಒಳಗೆ ಬರುತ್ತಿದ್ದ ಮುಬಶ್ಶಿರಾಳ ಕಾಲು ಅಲ್ಲೇ ನಿಂತಿತು. ಮಹೀನ್ ಆಡಿದ ಮಾತನ್ನು ಒಂದು ಕಾಲದಲ್ಲಿ ಅವಳೇ ಆಡಿದ್ದಳು.

* * *

ಆಗ ಸುಹಾನಾಗೆ ಎಂಟು ವರ್ಷ. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗೋಧಿಯ ಅಂಟು ಈ ಮಗುವಿನ ಕರುಳಿಗೆ ಆಗುವುದಿಲ್ಲ, ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತು ಯಾವುದನ್ನೂ ಕೊಡಬೇಡಿ, ಜೀವನಪೂರ್ತಿ, ಎಂದಿದ್ದರು. ಮುಬಶ್ಶಿರಾಗೆ ಅದು ಅರ್ಧ ನಂಬಿಕೆ, ಅರ್ಧ ಅನುಮಾನ. ರೋಶನ್ ಬೀ ಮಾತ್ರ ಮನೆಗೆ ಬಂದವರೇ ಚಪಾತಿ ಹಿಟ್ಟಿನ ಡಬ್ಬ ಎತ್ತಿ ಹೊರಗಿಟ್ಟಿದ್ದರು.

ಕೆಲವು ತಿಂಗಳಾದ ಮೇಲೆ ಚನ್ನಪಟ್ಟಣದಲ್ಲಿ ಒಂದು ನಿಶ್ಚಿತಾರ್ಥ. ಎಲ್ಲ ಮಕ್ಕಳ ತಟ್ಟೆಯಲ್ಲೂ ಕೇಕು. ಸುಹಾನಾ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ನೆಂಟರೆಲ್ಲ ನೋಡುತ್ತಿದ್ದರು. "ಒಂದು ತುಂಡು ತಿಂದ್ರೆ ಏನಾಗುತ್ತೆ," ಎಂದು ಮುಬಶ್ಶಿರಾ ತಾನೇ ಮಗಳ ಬಾಯಿಗಿಟ್ಟಳು. ಆಮೇಲೆ ಒಂದು ವಾರ ಮಗು ಹಾಸಿಗೆ ಬಿಟ್ಟು ಏಳಲಿಲ್ಲ.

ರೋಶನ್ ಬೀ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಅಡುಗೆಮನೆ ಹೊಕ್ಕು ಸೊಸೆಯ ಕೈಯಿಂದ ಸೌಟು ತೆಗೆದುಕೊಂಡರು. ಅಂದಿನಿಂದ ಸುಹಾನಾಳ ಊಟ ಅವರದೇ. ಮಗ ಅದ್ನಾನ್‌ಗೆ ಹೇಳಿ ಒಂದು ಚಿಕ್ಕ ಓವನ್ ತರಿಸಿದರು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ವಿಡಿಯೊ ನೋಡಿದರು. ಹಣ್ಣು ಜೋಡಿಸಿದ, ಬಟ್ಟಲಿನಂಥ ತಿಂಡಿಯೊಂದು ಕಂಡಿತು. ಸುಹಾನಾ ಅದನ್ನು ಟಾರ್ಟ್ ಎಂದಳು. ಅವಳು ದಾದಿ ಎಂದು ಕರೆಯುವ ಅಜ್ಜಿಯ ಬಾಯಲ್ಲಿ ಅದು ಟಾಟು ಆಯಿತು.

ಮೊದಲನೆಯದು ಹಲ್ಲಿಗೆ ಸಿಗದಷ್ಟು ಗಟ್ಟಿ. ಎರಡನೆಯದು ಮುಟ್ಟಿದರೆ ಪುಡಿ. ಅಕ್ಕಿ ಹಿಟ್ಟು ಕಡಿಮೆ ಮಾಡಿ, ಬಾದಾಮಿ ಪುಡಿ ಹೆಚ್ಚು ಮಾಡಿ, ಬೆಣ್ಣೆ ತಣ್ಣಗಿರಬೇಕೆಂದು ಕಂಡುಕೊಂಡು, ಮಳೆ ಹಿಡಿಯುವ ಹೊತ್ತಿಗೆ ಒಂದು ಟಾಟು ಇಡಿಯಾಗಿ ತಟ್ಟೆಗಿಳಿಯಿತು. ಮೇಲೆ ಬಾದಾಮಿ ಮಾವಿನ ಹೋಳು. "ನೋಡೇ, ಮೇಲೂ ಬಾದಾಮಿ, ಕೆಳಗೂ ಬಾದಾಮಿ," ಎಂದು ನಕ್ಕಿದ್ದರು. ಆಮೇಲೆ ಯಾವ ಮದುವೆ, ಯಾವ ಹಬ್ಬಕ್ಕೆ ಹೋದರೂ ಸುಹಾನಾಳ ಪಾಲಿನ ಟಾಟು ಜೊತೆಗೆ ಹೋಗುತ್ತಿತ್ತು. ಉಳಿದ ಮಕ್ಕಳು ಕೇಕು ಬಿಟ್ಟು ಅದಕ್ಕೆ ಕೈ ಹಾಕುತ್ತಿದ್ದರು.

ಮುಬಶ್ಶಿರಾ ಅದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಬಾ ಎಂದು ಅತ್ತೆ ಕರೆಯಲಿಲ್ಲ. ಬರಲೇ ಎಂದು ಇವಳೂ ಕೇಳಲಿಲ್ಲ.

* * *

ಮುಬಶ್ಶಿರಾ ಬಂದು ಮಗಳ ಕೈಯಿಂದ ರಸ್ಕು ತೆಗೆದು ತಟ್ಟೆಗೆ ಹಾಕಿದಳು. "ಅವಳಿಗೆ ಕೊಡ್ಬೇಡಿ ಮಹೀನ್," ಎಂದಳು. ಒಂದು ಬಾಳೆಹಣ್ಣು ಸುಲಿದು ಕೊಟ್ಟಳು. ನಾಳೆ ಇವಳಿಗೆ ಏನು ಮಾಡಿಕೊಡುವುದು, ನಾಡಿದ್ದು ಏನು ಎಂಬ ಯೋಚನೆ ಹತ್ತಿತು.

ಮಧ್ಯಾಹ್ನದ ನಮಾಜಿಗೆ ಮೊದಲು ಗಂಡಸರು ಜನಾಜಾ ಹೊತ್ತು ನಡೆದರು. ಮುಂದಿನ ಹೆಗಲು ಅದ್ನಾನನದು. ತಿರುವಿನವರೆಗೂ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಬೀದಿ ಖಾಲಿಯಾಯಿತು.

ಆ ಖಾಲಿ ಬೀದಿಯಲ್ಲಿ ಒಬ್ಬ ಹೆಂಗಸು ಸಣ್ಣ ಮಗಳ ಕೈ ಹಿಡಿದು ಬಂದಳು. ಬಾಗಿಲ ಮುಂದಿನ ಚಪ್ಪಲಿಗಳನ್ನೂ ಬಾಡಿಗೆ ಕುರ್ಚಿಗಳನ್ನೂ ನೋಡಿ ನಿಂತುಬಿಟ್ಟಳು.

"ರೋಶನಮ್ಮನೋರ ಮನೆ ಇದೇನಾ?"

ಸುಹಾನಾ ಎದ್ದು ಬಂದಳು. "ಮಾಗಡಿಯಿಂದ ಬಂದ್ರಾ? ಪ್ರತಿಮಾ ಆಂಟಿ? ಫೋನ್ ಮಾಡಿದ್ರಲ್ಲ."

"ಹೂಂ ಕಣವ್ವ. ಇವತ್ತು ಬಾ, ಮಾಡಿ ತೋರಿಸ್ತೀನಿ ಅಂದಿದ್ರು."

"ದಾದಿ ಹೋಗ್ಬಿಟ್ರು. ಬೆಳಗ್ಗೆ."

ಪ್ರತಿಮಾ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಸಿವನೇ. ನೆನ್ನೆ ಸಂಜೆ ತಾನೆ ಮಾತಾಡಿದ್ರಲ್ಲ. ಮಗೀನೂ ಕರ್ಕೊಂಡು ಬಾ ಅಂದ್ರಲ್ಲ." ಅವಳು ಹಿಂದೆ ಸರಿದಳು. "ಗೊತ್ತಿಲ್ದೆ ಬಂದ್ಬುಟ್ಟೆ, ತೆಪ್ಪು ತಿಳ್ಕೋಬೇಡಿ. ನಾವು ಒರಡ್ತೀವಿ."

"ಬಿಸಿಲಲ್ಲಿ ಮಗು ಕರ್ಕೊಂಡು ಬಂದಿದ್ದೀಯ. ನೀರು ಕುಡಿದು ಹೋಗು," ಎಂದು ಬದ್ರುನ್ನೀಸಾ ಒಳಗಿಂದ ಕರೆದರು.

ಪ್ರತಿಮಾ ಚಾಪೆಯ ಅಂಚಿನಲ್ಲಿ ಕೂತಳು. ಕೇಳಿದವರಿಗೆ ಕೇಳಿದಷ್ಟು ಹೇಳಿದಳು. ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ ರೋಶನಮ್ಮ ಪಕ್ಕದಲ್ಲಿ ಕೂತಿದ್ದರು. ಮಗು ಚಿನ್ನುವಿನ ಹೊಟ್ಟೆ ನೋಡಿ ತಾವೇ ಮಾತಾಡಿಸಿದರು. "ಇವಳ್ಗೂ ಗೋಧಿ ಆಗಾಕಿಲ್ಲ. ಮುದ್ದೆ, ಅನ್ನ ತಿಂತಾಳೆ, ಅದಕ್ಕೇನಿಲ್ಲ. ಅಂಗನವಾಡೀಲಿ ಯಾರಾದ್ರೂ ಮಕ್ಕಳ ಬರ್ತಡೇ ಆದ್ರೆ ಇವಳನ್ನ ಬ್ಯಾರೆ ಕೂರಿಸ್ತಾರೆ. ನಮ್ಮತ್ತೆ ಇದು ಕಾಯಿಲೆನೇ ಅಲ್ಲ, ನಿನ್ನ ಭ್ರಮೆ ಅಂತಾರೆ. ಭಾನ್ವಾರ ಇವಳ ಹುಟ್ಟಿದಬ್ಬ. ನನ್ನ ಮಗೀಗೆ ನಾನೇ ಒಂದು ಏನಾದ್ರೂ ಮಾಡ್ಬೇಕು ಅಂತ..." ಅಲ್ಲಿಗೆ ನಿಲ್ಲಿಸಿದಳು. "ಬುಡಿ, ಅದೆಲ್ಲ ಈಗ್ಯಾಕೆ."

ಸುಹಾನಾ ತಾಯಿಯ ಕಡೆ ನೋಡಿದಳು. "ಅಮ್ಮಿ, ದಾದಿ ಬಾದಾಮಿ ನೆನ್ನೆನೇ ಪುಡಿ ಮಾಡಿಟ್ಟಿದ್ದಾರೆ. ಡಬ್ಬದಲ್ಲಿದೆ."

"ನಂಗೆ ಬರಲ್ಲ ಸುಹಾನಾ."

"ಇವತ್ತಾ?" ಮಹೀನ್ ದನಿ ಏರಿತು. "ಮಣ್ಣು ಕೊಟ್ಟು ಇನ್ನೂ ಗಂಡಸರು ವಾಪಸ್ ಬಂದಿಲ್ಲ, ಸಿಹಿ ಮಾಡ್ತಾರಾ ಯಾರಾದ್ರೂ?"

ಬದ್ರುನ್ನೀಸಾ ತಸ್ಬೀಹ್ ಮಣಿ ಎಣಿಸುವುದನ್ನು ನಿಲ್ಲಿಸಿದರು. ಅವರು ನೋಡುತ್ತಿದ್ದುದು ಚಿನ್ನುವಿನ ತೆಳ್ಳಗಿನ ತೋಳುಗಳನ್ನು.

"ಮುಬಶ್ಶಿರಾ, ನಿನ್ನ ಅತ್ತೆ ಸಾನಾ ವಿಷಯ ಯಾವತ್ತಾದ್ರೂ ಹೇಳಿದ್ಲಾ?"

"ಯಾವ ಸಾನಾ ಖಾಲಾ?"

"ಅದ್ನಾನ್‌ಗಿಂತ ಮೊದಲು ಹುಟ್ಟಿದ್ದೋಳು."

* * *

ಸಾನಾ ಮೂರು ವರ್ಷದವರೆಗೂ ಓಡಾಡಿಕೊಂಡಿದ್ದ ಮಗು. ಆಮೇಲೆ ಸೊರಗತೊಡಗಿತು. ಆಸ್ಪತ್ರೆ, ದರ್ಗಾ, ನಾಟಿ ಔಷಧ, ಯಾವುದಕ್ಕೂ ಜಗ್ಗಲಿಲ್ಲ. ಒಮ್ಮೆ ಭಾರೀ ಮಳೆಗೆ ಮನೆಯ ಗೋಡೆ ಕುಸಿದಾಗ ರೋಶನ್ ಬೀ ಮಗಳನ್ನು ಬೈರಮಂಗಲದ ಕೆಂಚಮ್ಮನ ಮನೆಯಲ್ಲಿ ಬಿಟ್ಟಿದ್ದರು. ಕೆಂಚಮ್ಮ ರೇಷ್ಮೆ ಹುಳು ಸಾಕಿ ಮಾರುಕಟ್ಟೆಗೆ ಗೂಡು ತರುತ್ತಿದ್ದ ಪರಿಚಯದ ಹೆಂಗಸು. ಅವರ ಮನೆಯಲ್ಲಿ ಎರಡು ಹೊತ್ತೂ ರಾಗಿ ಮುದ್ದೆ, ಸೊಪ್ಪಿನ ಸಾರು. ಎರಡು ತಿಂಗಳ ಮೇಲೆ ಕರೆತರಲು ಹೋದಾಗ ಸಾನಾ ತೋಟದಲ್ಲಿ ಕರು ಅಟ್ಟಿಸಿಕೊಂಡು ಓಡುತ್ತಿದ್ದಳು. ಕೆನ್ನೆ ತುಂಬಿತ್ತು.

ಮಗಳು ಗೆದ್ದಳೆಂದು ಮನೆಗೆ ತಂದರು. ಇನ್ನಷ್ಟು ಶಕ್ತಿ ಬರಲೆಂದು ದಿನಾ ಹಾಲಿನಲ್ಲಿ ಗೋಧಿ ರೊಟ್ಟಿ ನೆನೆಸಿ ತಮ್ಮ ಕೈಯಾರೆ ತಿನ್ನಿಸಿದರು. ಆ ಚಳಿಗಾಲ ಮಗು ಉಳಿಯಲಿಲ್ಲ.

* * *

"ಅದೇ ಕಾಯಿಲೆನೋ ಅಲ್ವೋ, ಆಗ ಯಾರು ಟೆಸ್ಟ್ ಮಾಡಿದ್ರು," ಎಂದರು ಬದ್ರುನ್ನೀಸಾ. "ಆದ್ರೆ ಸುಹಾನಾಗೆ ಹಿಂಗಂತೆ ಅಂತ ಗೊತ್ತಾದ ದಿನ ನನ್ನ ಮನೆಗೆ ಬಂದು ಎದೆ ಬಡ್ಕೊಂಡು ಅತ್ಲು. ಆಪಾ, ನಾನೇ ತಿನ್ನಿಸಿದೆ, ಈ ಕೈಲಿ ತಿನ್ನಿಸಿದೆ ಅಂತ."

ಮುಬಶ್ಶಿರಾ ಅವರ ಹತ್ತಿರ ಸರಿದಳು. "ನಾನು ಅಂದ್ಕೊಂಡಿದ್ದೆ... ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತ."

"ನಿನ್ನ ಮೇಲಲ್ಲ ಮಗಳೇ, ಅವಳ ಕೋಪ ಪೂರ್ತಿ ತನ್ನ ಮೇಲೇ." ಬದ್ರುನ್ನೀಸಾ ಮಹೀನ್ ಕಡೆ ತಿರುಗಿದರು. "ಈ ಮನೇಲಿ ಒಲೆ ಹಚ್ಚಂಗಿಲ್ಲ, ಸರಿ. ಪಕ್ಕದ ಮನೇಲಿ ಹಚ್ಚಬಾರ್ದು ಅಂತ ಯಾರೂ ಹೇಳಿಲ್ಲ. ನನ್ನ ತಂಗಿ ಬಾ ಅಂತ ಕರೆದೋರು ಬಂದಿದ್ದಾರೆ."

ಭಾನುಪ್ರಿಯ ಆಗಲೇ ಎದ್ದಿದ್ದಳು. "ನಮ್ಮನೇಲಿ ಮಾಡಿ. ಆದ್ರೆ ನಮ್ಮ ಓವನ್ನಲ್ಲಿ ಬಿಸ್ಕತ್ತು ಮಾಡೀವ್ನಿ, ಮೈದಾ ಸೋಕಿರ್ತದೆ. ರೋಶನಮ್ಮಂದೇ ಎತ್ಕೊಡಿ."

ಮುಬಶ್ಶಿರಾ ಮತ್ತು ಪ್ರತಿಮಾ ಎರಡು ಕಡೆ ಹಿಡಿದು ಓವನ್ನನ್ನು ಹಿತ್ತಲಿಗೆ ಹೊತ್ತರು. ಗೋಡೆಯಾಚೆಯಿಂದ ಭಾನುಪ್ರಿಯ ಎದೆಗವಚಿಕೊಂಡು ಇಳಿಸಿಕೊಂಡಳು. ಹಿಂದೆಯೇ ತಗಡಿನ ಅಚ್ಚು, ಹಿಟ್ಟಿನ ಡಬ್ಬಗಳು ದಾಟಿದವು. ಭಾನುಪ್ರಿಯ ತನ್ನ ಅಡುಗೆಕಟ್ಟೆಯನ್ನು ಸೋಪು ಹಾಕಿ ಎರಡು ಸಲ ಉಜ್ಜಿದಳು. ತೋಟದಿಂದ ಬಂದಿದ್ದ ಮಾವಿನ ಬುಟ್ಟಿ ಎಳೆದಿಟ್ಟಳು.

ಮುಬಶ್ಶಿರಾ ಬಾದಾಮಿ ಪುಡಿಗೆ ಅಕ್ಕಿ ಹಿಟ್ಟು, ಸಕ್ಕರೆ ಸೇರಿಸಿದಳು. ತಣ್ಣನೆಯ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉದುರಿಸುತ್ತ ಹೋದಳು. ಬಾಗಿಲಲ್ಲಿ ನಿಂತು ನೋಡಿದ್ದು ಅವಳಿಗೇ ಗೊತ್ತಿಲ್ಲದೆ ಕೈಗೆ ಇಳಿದಿತ್ತು. ಮೊಟ್ಟೆ ಒಡೆದು ಹಾಕಿದ ಮೇಲೆ ಹಿಟ್ಟು ಒಂದಾಯಿತು.

"ಲಟ್ಟಿಸಲ್ವಾ?" ಎಂದಳು ಪ್ರತಿಮಾ.

"ಲಟ್ಟಿಸಿದ್ರೆ ಹರಿದೋಗುತ್ತೆ. ಗೋಧಿ ಥರ ಎಳೆ ಬರಲ್ಲ ಇದಕ್ಕೆ. ಹಿಂಗೆ ಬೆರಳಲ್ಲಿ ಅಚ್ಚಿಗೆ ಒತ್ತಬೇಕು. ನೀವು ಒತ್ತಿ."

"ತಳ ಹಸಿ ಉಳಿದ್ರೆ?"

"ಕೆಳಗಡೆಯದನ್ನ ಮೊದಲು ಒಂದು ಸಲ ಬೇಯಿಸ್ಕೋಬೇಕು. ಆಮೇಲೆ ಬಾದಾಮಿ, ಬೆಣ್ಣೆ, ಮೊಟ್ಟೆ ಕಲಸಿದ್ದು ಒಳಗೆ, ಮೇಲೆ ಹಣ್ಣು."

"ಅಮ್ಮಿ, ಹಣ್ಣು ಹಂಗೇ ಇಡ್ಬೇಡಿ," ಎಂದು ಸುಹಾನಾ ಮಾವಿನ ಹೋಳುಗಳನ್ನು ಒಗೆದ ಬಟ್ಟೆಯ ಮೇಲೆ ಹರಡಿದಳು. "ನೀರು ಬಿಟ್ರೆ ಮೆತ್ತಗಾಗುತ್ತೆ."

ಓವನ್ನಿನ ಗಾಜಿನ ಮುಂದೆ ಚಿನ್ನು ಕುಕ್ಕರುಗಾಲಿನಲ್ಲಿ ಕೂತಳು. ಹುರಿದ ಬಾದಾಮಿಯ ಪರಿಮಳ ಗೋಡೆ ದಾಟಿ ಈಚೆ ಮನೆಗೂ ಬಂತು. ಸ್ವಲ್ಪ ಹೊತ್ತಿಗೆ ಮಹೀನ್ ಕೂಡ ಎದ್ದು ಬಂದು ಭಾನುಪ್ರಿಯಳ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಒಳಗೆ ಬನ್ನಿ," ಎಂದಳು ಮುಬಶ್ಶಿರಾ.

ಅಚ್ಚಿನಿಂದ ಬಿಡಿಸುವಾಗ ಟಾಟಿನ ಒಂದು ಅಂಚು ಮುರಿಯಿತು. ಮುಬಶ್ಶಿರಾಳ ಮುಖ ಸಣ್ಣಗಾಯಿತು. "ದಾದೀದೂ ಮುರೀತಿತ್ತು," ಎಂದು ಸುಹಾನಾ ಮುರಿದ ತುಂಡನ್ನು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಅವಳ ಕಣ್ಣು ತುಂಬಿತು. ಬೆಳಗಿನಿಂದ ಅಳದ ಹುಡುಗಿ ತಾಯಿಯ ಹೊಟ್ಟೆಗೆ ಮುಖ ಒತ್ತಿ ಅತ್ತಳು. ತಾಯಿ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು.

ಹೊರಗೆ ಮೋಟಾರ್‌ಬೈಕುಗಳ ಸದ್ದಾಯಿತು. ಗಂಡಸರು ಖಬರಸ್ತಾನದಿಂದ ಹಿಂದಿರುಗುತ್ತಿದ್ದರು.

ಭಾನುಪ್ರಿಯ ಒಂದು ತುಂಡು ಕತ್ತರಿಸಿ ತಟ್ಟೆಯಲ್ಲಿಟ್ಟು ಚಿನ್ನುವಿನ ಮುಂದೆ ಇರಿಸಿದಳು. ಮಗು ತಟ್ಟೆಯನ್ನು ನೋಡಿತು, ತಾಯಿಯನ್ನು ನೋಡಿತು. ಆಮೇಲೆ ಎರಡೂ ಕೈಯಲ್ಲಿ ತುಂಡನ್ನು ಎತ್ತಿ ಬಾಯಿ ಅಗಲಿಸಿತು. ಪ್ರತಿಮಾಳ ಕೈ ತಡೆಯಲು ತಾನಾಗಿ ಮುಂದೆ ಚಾಚಿತು, ಅರ್ಧದಲ್ಲೇ ನಿಂತಿತು. ಒಂದು ಗಳಿಗೆ ಗಾಳಿಯಲ್ಲೇ ಉಳಿದು, ನಿಧಾನವಾಗಿ ಇಳಿದು, ಮಗುವಿನ ಮಡಿಲಿಗೆ ಪುಡಿ ಉದುರದಂತೆ ಅದರ ಗಲ್ಲದ ಕೆಳಗೆ ಬೊಗಸೆಯಾಯಿತು.