ಮಲಕಪ್ಪನ ಹೊಸ್ತಿಲು

ದಾಂಡೇಲಿಯಲ್ಲಿ ಹಗಲೂ ರಾತ್ರಿ ಕಾಗದ ತಯಾರಾಗುತ್ತಿತ್ತು. ಆದರೆ ಊರಿನಲ್ಲಿ ಯಾರ ಹತ್ತಿರವೂ ಕಾಗದವಿರಲಿಲ್ಲ. ಈ ಸಂಗತಿ ಬಯಲಾದದ್ದು ೧೯೬೩ರ ಶ್ರಾವಣದಲ್ಲಿ, ಅರಣ್ಯ ಇಲಾಖೆಯ ನಾಟಾ ಡಿಪೋದ ಹಿಂದಿನ ಓಣಿಗೆ ನೋಟೀಸು ಅಂಟಿಸಿದ ದಿನ.

ಓಣಿಯ ಮೇಲೆ ಅಗಲವಾದ ರಸ್ತೆ ಬರುವುದಿತ್ತು. ಕಾರ್ಖಾನೆಗಿಂತ ಮೊದಲೇ ಇಲ್ಲಿದ್ದವರು ಸರ್ಕಾರದ ಯಾವುದಾದರೂ ಹಳೆಯ ಕಾಗದ ತೋರಿಸಬೇಕು; ತೋರಿಸಿದವರ ಮನೆಯನ್ನು ಬಿಟ್ಟು ರಸ್ತೆ ಬಳಸಿಕೊಂಡು ಹೋಗುತ್ತದೆ. ಉಳಿದವರು ಶಿವರಾತ್ರಿಯೊಳಗೆ ಮೂರು ಮೈಲಿ ಆಚೆಯ ಹೊಸ ಜಾಗಕ್ಕೆ ಗಂಟು ಕಟ್ಟಬೇಕು.

ಓಣಿಯಲ್ಲಿ ನಲವತ್ತೆರಡು ಮನೆ. ನಲವತ್ತೊಂದು ಮನೆಯವರು ಧಾರವಾಡ, ಬೆಳಗಾವಿ ಕಡೆಯಿಂದ ಕಾರ್ಖಾನೆಯ ಕೂಗು ಕೇಳಿ ಬಂದವರು. ಉಳಿದ ಒಂದು ಮನೆ ಸತ್ತೆವ್ವನದು. ಅವಳು ಹುಟ್ಟಿದ್ದು ಅದೇ ಮನೆಯಲ್ಲಿ, ಅವಳಪ್ಪ ಹುಟ್ಟಿದ್ದೂ ಅಲ್ಲೇ. ಗಂಡ ಮನೆ ಅಳಿಯನಾಗಿ ಬಂದು, ಉಂಡು, ಸತ್ತಿದ್ದ. ಆಮೇಲೆ ಅವಳು ಖಾನಾವಳಿ ತೆರೆದಳು. ಕಾರ್ಖಾನೆಯ ಗೇಟಿನಿಂದ ಇನ್ನೂರು ಹೆಜ್ಜೆ. ಪಾಳಿಯ ನಡುವೆ ಸಿಗುವ ಅರ್ಧ ತಾಸಿನಲ್ಲಿ ಆಳುಗಳು ಓಡಿ ಬಂದು ನಾಲ್ಕು ರೊಟ್ಟಿ ತಿಂದು ಓಡಿ ಹೋಗುತ್ತಿದ್ದರು. ಮೂರು ಮೈಲಿ ಆಚೆ ಹೋಗಿ ಒಲೆ ಹೂಡಿದರೆ ಅವಳ ರೊಟ್ಟಿಯನ್ನು ನರಿಗಳು ತಿನ್ನಬೇಕಿತ್ತು.

ನೋಟೀಸು ಹಚ್ಚಿದ ಮರುದಿನವೇ ಅವಳು ಜಾಗದ ಅಧಿಕಾರಿ ಚನಬಸಪ್ಪನ ಮುಂದೆ ಹೋಗಿ ನಿಂತಳು. ಚನಬಸಪ್ಪ ಕೆಟ್ಟವನಲ್ಲ, ನಗುವುದನ್ನು ಮಾತ್ರ ನೌಕರಿ ಸಿಕ್ಕ ದಿನ ಬಿಟ್ಟಿದ್ದ.

"ಕಾಗದ ಐತೇನಬೇ?"

"ಕಾಗದ ಯಾಕ್ರಿ ಸಾಹೇಬ್ರ, ನಾನ ಅದೀನಲ್ಲ. ಇಲ್ಲೇ ಹುಟ್ಟೀನಿ."

"ನೀ ಕಾಗದ ಅಲ್ಲ. ಕಾಗದ ತಗೊಂಬಾ."

"ನಮ್ಮ ಮುತ್ಯಾನ ಅಪ್ಪ ಮಲಕಪ್ಪ, ಜಂಗಲ್ ಸಾಹೇಬನ ಬಲಗೈ ಆಗಿದ್ದಾರಿ. ಬಿಳೀ ಸಾಹೇಬ. ಊರಿಗೆಲ್ಲಾ ಗೊತ್ತೈತಿ."

"ಊರು ಹುಟ್ಟಿ ಎಂಟೊಂಬತ್ತು ವರ್ಷ ಆತು. ಅದಕ್ಕೇನು ಗೊತ್ತಿರತೈತಿ?"

ಸತ್ತೆವ್ವ ಮನೆಗೆ ಬಂದು ಅಡಿವೆಯ್ಯ ಮಾಸ್ತರರನ್ನು ಹಿಡಿದಳು. ಹಳಿಯಾಳದವರಾದ ಮಾಸ್ತರರು ಇಲ್ಲಿಯ ಶಾಲೆಯಲ್ಲಿದ್ದು ಎರಡು ಹೊತ್ತೂ ಅವಳಲ್ಲಿಯೇ ಉಣ್ಣುತ್ತಿದ್ದರು. ಎರಡು ವರ್ಷದಿಂದ ದಾಂಡೇಲಿಯ ಇತಿಹಾಸ ಬರೆಯುತ್ತಿದ್ದರು. 'ದಾಂಡೇಲಿಯು ಪ್ರಾಚೀನ ಕಾಲದಿಂದಲೂ' ಎಂಬಲ್ಲಿಯವರೆಗೆ ಬಂದಿತ್ತು; ಮುಂದೆ ಏನೂ ಸಿಕ್ಕಿರಲಿಲ್ಲ. ಹೀಗಾಗಿ ಸತ್ತೆವ್ವನಿಗಿಂತ ಅವರಿಗೇ ಹೆಚ್ಚು ಅವಸರವಾಯಿತು.

ಮಾಸ್ತರರು ಕಾರವಾರಕ್ಕೆ ಬರೆದರು. ಅಷ್ಟು ಹಳೆಯವು ಮುಂಬಯಿಯಲ್ಲಿರಬೇಕು ಎಂದು ಕಾರವಾರದಿಂದ ಬಂತು. ಜಿಲ್ಲೆ ಏಳು ವರ್ಷದ ಹಿಂದೆ ಮೈಸೂರು ರಾಜ್ಯಕ್ಕೆ ಸೇರಿತ್ತು, ಕಾಗದಗಳು ಸೇರಿರಲಿಲ್ಲ. ಮುಂಬಯಿಗೆ ಬರೆದರು. ಅಡವಿಯ ವರದಿಗಳ ಒಂದು ಪ್ರತಿ ಆಗಿನ ಮೇಲಿನ ಸರ್ಕಾರಕ್ಕೆ ಹೋಗುತ್ತಿತ್ತು, ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಕೇಳಿ ನೋಡಿ ಎಂದು ಅಲ್ಲಿಂದ ಬಂತು.

"ಪತ್ರಾಗಾರ ಅಂದ್ರ?" ಎಂದಳು ಸತ್ತೆವ್ವ, ರೊಟ್ಟಿ ಬಡಿಯುತ್ತ.

"ಇಡೀ ದೇಶದ ಹಳೀ ಕಾಗದ ಎಲ್ಲಾ ಒಂದ ಕಡೆ ಕಾದಿಟ್ಟಿರ್ತಾರಬೇ."

"ರದ್ದಿ ಅಂಗಡಿ ಅನ್ರಿ."

"ರದ್ದಿ ಅಲ್ಲ, ದಫ್ತರ! ನೂರಾರು ವರ್ಷದ್ದು."

"ನಮ್ಮ ಕಾರ್ಖಾನ್ಯಾಗ ಹಳೀದು ಕುದಿಸಿ ಹೊಸಾದು ಮಾಡ್ತಾರ. ದಿಲ್ಲಿಯವರಿಗೆ ಅಷ್ಟೂ ಬರೂದುಲ್ಲೇನು? ಬರೀರಿ ಹಂಗಾರ. ಮಲಕಪ್ಪ ಅಂತ ದಪ್ಪ ಅಕ್ಷರದಾಗ ಬರೀರಿ. ಸಾಹೇಬನ ಬಲಗೈ ಅಂತನೂ ಬರೀರಿ."

ಶಿವರಾತ್ರಿಗೆ ಇಪ್ಪತ್ತು ದಿನ ಇರುವಾಗ ದಿಲ್ಲಿಯಿಂದ ಉದ್ದನೆಯ ಲಕೋಟೆ ಬಂತು. ಮಧ್ಯಾಹ್ನದ ಪಂಕ್ತಿ ಕೂತಿತ್ತು. ಫಾರೆಸ್ಟ್ ಗಾರ್ಡ್ ಮುದಕಪ್ಪ ಮೂರನೆಯ ರೊಟ್ಟಿಯಲ್ಲಿದ್ದ. ಪಕ್ಕದ ಮನೆಯ ಕೆಂಚವ್ವ ಬೆಂಕಿ ಕೇಳುವ ನೆವ ಮಾಡಿ ಬಂದು ನಿಂತಿದ್ದಳು. ಮಾಸ್ತರರು ಒಳಗಿನ ಇಂಗ್ಲಿಷ್ ಹಾಳೆಯನ್ನು ಕಣ್ಣಿನಲ್ಲೇ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು.

"ಅಕ್ಷರ ಸರಿ ಮೂಡಿಲ್ಲ. ಸಂಜೀಕ ಓದೂಣು."

"ಮೂಡದ್ದನ್ನ ಜೇಬಿನಾಗ ಇಟ್ರ ಮೂಡತೈತೇನ್ರಿ? ಮಂದಿ ಮುಂದನ ಓದ್ರಿ. ಎಲ್ಲಾರೂ ಕೇಳ್ಲಿ."

ಮಾಸ್ತರರು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು. "'ಸಾವಿರದ ಎಂಟುನೂರಾ ಎಪ್ಪತ್ತೊಂದು. ದಾಂಡೇಲಿ ಎಂಬ ಹಳ್ಳಿಯ ಕಾಯಂ ನಿವಾಸಿ, ಮರ ಕಡಿಯುವ ಮಲಕಪ್ಪ...'"

"ಕೇಳಿದ್ರೇನು? ಕಾಯಂ ನಿವಾಸಿ!" ಸತ್ತೆವ್ವ ರೊಟ್ಟಿ ಮಗುಚುವ ಸಟ್ಟುಗ ಎತ್ತಿ ಪಂಕ್ತಿಗೆಲ್ಲ ತೋರಿಸಿದಳು.

"'...ಸರ್ಕಾರದ ಬಾಣದ ಮುದ್ರೆಯಿದ್ದ ಒಂದು ಸಾಗವಾನಿ ತುಂಡನ್ನು ಕದ್ದಿದ್ದಕ್ಕಾಗಿ, ಆರು ತಿಂಗಳ ಸೆರೆವಾಸ. ಮಾಲು ಪತ್ತೆಯಾಗಲಿಲ್ಲ.'"

ಪಂಕ್ತಿ ಉಣ್ಣುವುದನ್ನು ನಿಲ್ಲಿಸಿತು. ಮೊದಲು ನಕ್ಕವಳು ಕೆಂಚವ್ವ.

"ಬಲಗೈ ಅಂದಿದ್ದೆಲ್ಲಬೇ ಸತ್ತೆವ್ವ! ಖರೇನ ಐತಿ. ಭಾಳ ಚುರುಕ ಇತ್ತು ನೋಡು ಆ ಕೈ!"

"ಅಂವ ಬ್ಯಾರೆ ಮಲಕಪ್ಪ," ಎಂದಳು ಸತ್ತೆವ್ವ. "ಊರಾಗ ಒಬ್ಬನ ಮಲಕಪ್ಪ ಇರಬೇಕಂತ ಕಾಯ್ದೆ ಐತೇನು?"

"ಆಗ ಊರಾಗ ಆರ ಮನಿ ಇದ್ದುವು ಅಂತ ಇಲ್ಲೇ ಬರ್ದಾರಬೇ," ಎಂದರು ಮಾಸ್ತರರು, ನೋವಿನಿಂದ.

ಮುದಕಪ್ಪ ತಟ್ಟೆ ಸರಿಸಿದ. ಅವನು ಮುಂಡಗೋಡ ತಾಲೂಕಿನ ಸನವಳ್ಳಿಯವನು, ಹದಿನಾರು ವರ್ಷದಿಂದ ಕಟ್ಟಿಗೆ ಕಾಯುವವನು. ಅವನ ಕಣ್ಣು ಮೆಲ್ಲಗೆ ಬಾಗಿಲಿಗೆ ಹೋಯಿತು, ಅಲ್ಲಿಂದ ಕೆಳಗಿಳಿದು ಹೊಸ್ತಿಲ ಮೇಲೆ ನಿಂತಿತು. ಅದರ ಹಿಂದೆ ಎಲ್ಲರ ಕಣ್ಣೂ ಹೋದವು.

ಆ ಹೊಸ್ತಿಲು ಸತ್ತೆವ್ವನ ಮನೆದೇವರು. ಮೊಣಕೈ ದಪ್ಪದ ಸಾಗವಾನಿ. ಅದರ ನಡುವೆ ತ್ರಿಶೂಲ ಒಡಮೂಡಿತ್ತು. ಶಿವ ತಾನೇ ಬಂದು ಮೂಡಿಸಿದ್ದೆಂದು ಮನೆಯ ಮಾತು. ಪ್ರತಿ ಅಮಾವಾಸ್ಯೆಗೆ ಅರಿಶಿನ, ಕುಂಕುಮ, ಒಂದು ಕಾಯಿ. ಉಣ್ಣಲು ಬಂದವರು ಯಾರಾದರೂ ಮರೆತು ತುಳಿದರೆ, "ದೇವರ ಐತಿ, ಕಣ್ಣು ಕಾಣೂದುಲ್ಲೇನು?" ಎಂದು ಅವಳು ಚೀರುವುದು ಗೇಟಿನವರೆಗೂ ಕೇಳುತ್ತಿತ್ತು.

ಮುದಕಪ್ಪ ಕೈ ತೊಳೆದು ಹೋಗಿ ಕುಕ್ಕರಗಾಲಿನಲ್ಲಿ ಕುಳಿತ. ಅದೇ ಒದ್ದೆ ಕೈಯಿಂದ ಅರಿಶಿನದ ಪದರವನ್ನು ಉಜ್ಜಿದ. ಒಳಗಿನಿಂದ ನೋಡಿದ, ದಾಟಿ ಹೊರಗಿನಿಂದ ನೋಡಿದ.

"ಸತ್ತೆವ್ವಾ, ಒಳಗಿಂದ ನೋಡಿದ್ರ ತ್ರಿಶೂಲ. ಹೊರಗಿಂದ ನೋಡಿದ್ರ..."

ಹೊರಗಿನಿಂದ, ತಲೆಕೆಳಗಾಗಿ ನೋಡಿದರೆ, ಅದು ಮೂರು ಗೆರೆ ಕೂಡಿದ ಸರ್ಕಾರದ ಬಾಣ. ತೊಂಬತ್ತಮೂರು ವರ್ಷ, ಮೂರು ತಲೆ, ಆ ಮನೆಯವರು ಕಳವಿನ ಮಾಲಿಗೆ ಕಾಯಿ ಒಡೆದಿದ್ದರು.

ಸತ್ತೆವ್ವ ಅಂದು ಸಂಜೆ ಒಲೆ ಹೊತ್ತಿಸಲಿಲ್ಲ. ಎರಡನೆಯ ಪಾಳಿಯವರು ಹಸಿದು ಬೈಯುತ್ತ ಹೋದರು. ಬೆಳಗಾಗುವಷ್ಟರಲ್ಲಿ ಅವಳು ಲೆಕ್ಕ ಮುಗಿಸಿದ್ದಳು: ಮರ್ಯಾದೆ ಹೋಗಿಯೇ ಹೋಗಿದೆ, ಮನೆಯಾದರೂ ಉಳಿಯಲಿ. ಹಾಳೆ ಹಿಡಿದು ಚನಬಸಪ್ಪನ ಕಚೇರಿಗೆ ನಡೆದಳು.

"ತಗೋರಿ ಕಾಗದ. ದಿಲ್ಲೀದು. ನಾ ಕಳ್ಳನ ಮರಿಮೊಮ್ಮಗಳು."

ಚನಬಸಪ್ಪ ಎರಡು ಸಲ ಓದಿದ. "ಕಾಯಂ ನಿವಾಸಿ ಅಂತ ಐತಿ. ನಡೀತೈತಿ. ಆದ್ರ ಇಂವ ನಿಮ್ಮ ಮಲಕಪ್ಪನ ಅಂತ ಹೆಂಗ? ವಿಚಾರ ಮಾಡ್ತೇನಿ."

ಅಲ್ಲಿಯೇ ತಪ್ಪಾಯಿತು. 'ನಡೀತೈತಿ' ಎಂಬ ಮಾತು ಸತ್ತೆವ್ವನಿಗಿಂತ ಮೊದಲೇ ಓಣಿ ಮುಟ್ಟಿತು. ನಿನ್ನೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಕೆಂಚವ್ವ ಇಂದು ಕಚೇರಿಯ ಕಟ್ಟೆಯ ಮೇಲೆ ಎದೆ ಬಡಿದುಕೊಳ್ಳುತ್ತಿದ್ದಳು.

"ಮಲಕಪ್ಪ ನಮ್ಮ ಮಾವನ ಅಜ್ಜಾರಿ! ಅಪ್ಪಟ ಕಳ್ಳಾರಿ! ನಮ್ಮ ಮನತನನ ಕಳ್ಳರ ಮನತನ!"

"ನೀ ಬೈಲಹೊಂಗಲದಾಕಿ ಅಲ್ಲೇನು?" ಎಂದ ಚನಬಸಪ್ಪ.

"ಜೇಲಿನಿಂದ ಬಿಟ್ಟ ಮ್ಯಾಲೆ ನಾಚಿ ಬೈಲಹೊಂಗಲಕ್ಕ ಬಂದಿದ್ದಾರಿ."

ವಾರದೊಳಗೆ ನಲವತ್ತೊಂದು ಮನೆಯವರೂ ಅರ್ಜಿ ಕೊಟ್ಟರು. ಒಬ್ಬ ಮಲಕಪ್ಪನ ದತ್ತುಮಗನ ವಂಶದವನು, ಇನ್ನೊಬ್ಬ ಇಟ್ಟುಕೊಂಡವಳ ಕಡೆಯವನು. ಒಬ್ಬನಂತೂ ತನ್ನ ಮುತ್ತಜ್ಜ ಕಳವಿನಲ್ಲಿ ತುಂಡಿನ ಹಿಂದಿನ ತುದಿ ಹೊತ್ತಿದ್ದ, ದಾಖಲೆಯಲ್ಲಿ ಅವನ ಹೆಸರು ಬಿಟ್ಟು ಅನ್ಯಾಯ ಮಾಡಿದ್ದಾರೆ ಎಂದು ದೂರು ಬರೆದ. ಬಡಿಗನಿಗೆ ಪುರಸೊತ್ತಿಲ್ಲದಾಯಿತು, ಓಣಿಯ ಹೊಸ್ತಿಲುಗಳಲ್ಲಿ ಬಾಣಗಳು ಮೂಡತೊಡಗಿದವು. ಕೆಂಚವ್ವನ ಮನೆಗೆ ಹೊಸ್ತಿಲೇ ಇರಲಿಲ್ಲ. ಅವಳು ಮಾವಿನ ಹಲಗೆ ತಂದು ಹಾಕಿಸಿ, ಅದರ ಮೇಲೆ ಎರಡು ಬಾಣ ಕೆತ್ತಿಸಿದಳು, ಗಟ್ಟಿಗಿರಲೆಂದು.

ಚನಬಸಪ್ಪ ಓಣಿ ತಿರುಗಿ ಎಲ್ಲವನ್ನೂ ನೋಡಿ, ಸತ್ತೆವ್ವನ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡ.

"ಒಬ್ಬ ಕಳ್ಳಗ ನಲವತ್ತೆರಡು ಮನಿ ವಾರಸುದಾರರು. ಕಳವು ಮಾಡಾಕರೆ ಯಾವಾಗ ಪುರಸೊತ್ತು ಸಿಕ್ತಬೇ ಅವಂಗ?"

"ನಮ್ಮದು ಖರೇ ಬಾಣಾರಿ!"

"ಎಲ್ಲಾರೂ ಅದನ್ನ ಅಂತಾರ. ಒಬ್ರಿಗೆ ಕೊಟ್ರ ಉಳಿದವರು ನನ್ನ ಹರಕೊಂಡು ತಿಂತಾರ. ಎಲ್ಲಾ ಅರ್ಜಿ ರದ್ದು. ಶಿವರಾತ್ರಿ ಮುಗಿದ ಸೋಮವಾರ ಮನಿ ಕೆಡವಾಕ ಆಳು ಬರ್ತಾವ."

ಶುಕ್ರವಾರ ಸತ್ತೆವ್ವ ಡಿಪೋಕ್ಕೆ ಹೋದಳು. ಮುದಕಪ್ಪ ತುಂಡುಗಳ ಅಟ್ಟಿಯ ನೆರಳಿನಲ್ಲಿ ಕುಳಿತು ಎಲೆ ಹಾಕುತ್ತಿದ್ದ.

"ಎದ್ದೇಳು. ನನ್ನ ಮನ್ಯಾಗ ಕಳವಿನ ಮಾಲೈತಿ. ಬಂದು ಹಿಡಿ."

"ಹುಚ್ಚು ಹಿಡೀತೇನಬೇ? ನಾ ಉಂಡ ಮನಿ ಅದು."

"ಉಂಡ ಋಣ ತೀರಿಸಿದಂಗಾತು, ಬಾ. ಕಳವಿನ ಮಾಲು ಸಿಕ್ರ ನೀವೇನು ಮಾಡ್ತೀರಿ?"

"ಜಪ್ತಿ ಮಾಡ್ತೇವಿ. ಡಿಪೋಕ್ಕ ಒಯ್ತೇವಿ."

"ಒಯ್ಯಾಕ ಬರದಿದ್ರ?"

"ಇದ್ದಲ್ಲೇ ಅರಗಿನ ಲಾಖಾ ಮುದ್ರೆ ಹಚ್ಚಿ..." ಎಂದವನು ಬಾಯಿಯೊಳಗಿನ ಎಲೆ ಅಗಿಯುವುದನ್ನು ಮರೆತ. ಆಮೇಲೆ ಎದ್ದ. ತನ್ನ ಮೇಲಿನ ರೇಂಜ್ ಸಾಹೇಬನ ಸಹಿಗೆ ಓಡಿದ.

ಶನಿವಾರ ಪಂಚನಾಮೆ ನಡೆಯಿತು. ಮಾಸ್ತರರೇ ಒಬ್ಬ ಪಂಚ. ಮುದಕಪ್ಪ ಹೊಸ್ತಿಲನ್ನು ಅಳೆದ, ಮುದ್ರೆಯನ್ನು ಉಗುರಿನಿಂದ ಕೆರೆದು, ಇದು ಉಳಿಯಿಂದ ಕೆತ್ತಿದ್ದಲ್ಲ, ಸರ್ಕಾರದ ಮುದ್ರೆ ಸುತ್ತಿಗೆಯಿಂದ ಹೊಡೆದದ್ದು ಎಂದು ಬರೆಸಿದ. ಹೊಸ್ತಿಲು ಕಿತ್ತರೆ ಚೌಕಟ್ಟು ಬೀಳುತ್ತದೆ, ಚೌಕಟ್ಟು ಬಿದ್ದರೆ ಮುಂದಿನ ಗೋಡೆ ಬೀಳುತ್ತದೆ, ಗೋಡೆ ಬಿದ್ದರೆ ಮಾಲಿಗೆ ಪೆಟ್ಟಾಗುತ್ತದೆ ಎಂದೂ ಬರೆಸಿದ. ಸತ್ತೆವ್ವ ತನ್ನ ಮನೆಯಲ್ಲಿ ಕಳವಿನ ಮಾಲು ಇರುವುದು ನಿಜವೆಂದು ಹೆಬ್ಬೆಟ್ಟು ಒತ್ತಿದಳು. ಕೆಂಚವ್ವ ಬಂದು ತನ್ನ ಹೊಸ್ತಿಲನ್ನೂ ಜಪ್ತಿ ಮಾಡಲು ಅಂಗಲಾಚಿದಳು.

"ಮಾವಿನ ಹಲಗಿ ಕಳವಾದದ್ದು ಸರ್ಕಾರದ ದಫ್ತರದಾಗ ಇಲ್ಲಬೇ," ಎಂದ ಮುದಕಪ್ಪ.

ಮಾಸ್ತರರು ಅಂದೇ ತಮ್ಮ ಹಳೆಯ ವಾಕ್ಯವನ್ನು ಹೊಡೆದು ಹಾಕಿ, 'ದಾಂಡೇಲಿಯ ಲಿಖಿತ ಇತಿಹಾಸವು ಒಂದು ಕಳವಿನಿಂದ ಆರಂಭವಾಗುತ್ತದೆ' ಎಂದು ಬರೆದರು. ಪುಟದ ಉಳಿದ ಭಾಗ ಸರಾಗವಾಗಿ ಬಂತು.

ಸೋಮವಾರ ಗುದ್ದಲಿ, ಪಿಕಾಸಿ ಹಿಡಿದ ಆಳುಗಳೊಂದಿಗೆ ಚನಬಸಪ್ಪ ಬಂದ. ಓಣಿಯ ಉಳಿದವರು ಗಂಟು ಕಟ್ಟುತ್ತಿದ್ದರು. ಸತ್ತೆವ್ವನ ಬಾಗಿಲಿಗೆ ಅಡ್ಡವಾಗಿ ದಾರ, ದಾರದ ತುದಿಯಲ್ಲಿ ಕೆಂಪು ಲಾಖಾ ಮುದ್ರೆ, ಪಕ್ಕದಲ್ಲಿ ಹಲಗೆ: 'ಜಪ್ತಿ ಮಾಲು. ಮೇಲಿನ ಹುಕುಂ ಬರುವವರೆಗೆ ಇದ್ದ ಸ್ಥಳದಿಂದ ಕದಲಿಸತಕ್ಕದ್ದಲ್ಲ.' ಹಲಗೆಯ ಪಕ್ಕದಲ್ಲಿ ಮುದಕಪ್ಪ, ಇಸ್ತ್ರಿ ಮಾಡಿದ ಖಾಕಿಯಲ್ಲಿ.

ಚನಬಸಪ್ಪ ಹಲಗೆ ಓದಿದ. ಪಂಚನಾಮೆ ಓದಿದ. ರೇಂಜ್ ಸಾಹೇಬನ ಸಹಿಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಮ್ಯಾಲಿನ ಹುಕುಂ ಯಾವಾಗ ಬರತೈತಿ?"

"ಕಳವಿನ ವರದಿ ಹೋಗಿ ತೊಂಬತ್ತಮೂರು ವರ್ಷ ಆತ್ರಿ," ಎಂದ ಮುದಕಪ್ಪ. "ಇನ್ನೂ ಅದರ ಉತ್ತರನ ಬಂದಿಲ್ಲ."

ಆಳುಗಳು ಪಿಕಾಸಿ ಇಳಿಸಿ ಕುಳಿತರು. ಚನಬಸಪ್ಪ ನಕಾಶೆ ಬಿಚ್ಚಿ, ಸೀಸದ ಕಡ್ಡಿ ತೆಗೆದು, ರಸ್ತೆಗೆ ಸತ್ತೆವ್ವನ ಮನೆಯ ಮುಂದೆ ಒಂದು ಸೊಟ್ಟ ತಿರುವು ಕೊಟ್ಟ. ಬಹಳ ವರ್ಷದ ಮೇಲೆ ಅವನ ತುಟಿ ಒಂದು ಕಡೆ ಸ್ವಲ್ಪ ಅಲುಗಿತು. ಒಳಗಿನಿಂದ ಝುಣಕದ ಒಗ್ಗರಣೆಯ ವಾಸನೆ ಬರುತ್ತಿತ್ತು. ಗಂಟೆ ಹನ್ನೆರಡಾಗಿತ್ತು.

"ಊಟ ಸಿಗತೈತೇನಬೇ?"

"ಬರ್ರಿ, ಬರ್ರಿ."

ಅವನು ಬೂಟು ಕಳಚಿ, ದಾರದಡಿಯಲ್ಲಿ ಬಗ್ಗಿ, ಹೊಸ್ತಿಲ ಮೇಲೆ ಕಾಲಿಟ್ಟ. ಸತ್ತೆವ್ವ ಚೀರಿದ್ದು ಗೇಟಿನವರೆಗೂ ಕೇಳಿತು.

"ಸರ್ಕಾರಿ ಮಾಲ ಐತಿ, ತುಳೀಬ್ಯಾಡ್ರಿ! ಕಣ್ಣು ಕಾಣೂದುಲ್ಲೇನು?"