ಆರೋಗ್ಯ ಸರಿಯಿಲ್ಲದ ಕಾರಣ

“ಮುಖಕ್ಕೆ ಬೇಡ ಕಣೋ ಮುಟ್ಠಾಳ. ನಾಳೆ ಕ್ಯಾಮೆರಾ ಮುಂದೆ ನಿಲ್ಬೇಕು ಇವಳು. ಬೆನ್ನಿಗೆ ಬಿಡು.”

ಶೆಡ್ಡಿನ ಯಜಮಾನ ಹೇಳಿದ್ದೇ ತಡ, ಮೈಕಕ್ಕನ ಗಂಡ ನೆಲ ತೊಳೆಯುವ ರಬ್ಬರ್ ಪೈಪನ್ನು ಮಡಚಿ ಅವಳ ಬೆನ್ನಿಗೆ ಬಾರಿಸಿದ. ಕೋಳಿ ಕುಯ್ಯುವ ಶೆಡ್ಡಿನ ಯಂತ್ರಗಳ ಗದ್ದಲದಲ್ಲೂ ಆ ತುದಿಗೆ ಕೇಳುವಂಥ ಗಂಟಲು ಅವಳದು, ಅದಕ್ಕೇ ಆ ಹೆಸರು. ಈಗ ಹಲ್ಲು ಕಚ್ಚಿಕೊಂಡು ಮೇಜಿನ ಅಂಚು ಹಿಡಿದು ನಿಂತಿದ್ದಳು.

ಆ ಗಂಟಲು ನೋಡಿಯೇ ಯಜಮಾನ ಅವಳನ್ನು ಚುನಾವಣೆಗೆ ನಿಲ್ಲಿಸಿದ್ದು. ಸಂಸತ್ತಿಗೆ ನಿಲ್ಲುವವರ ಪಟ್ಟಿಯಲ್ಲಿ ಅರ್ಧ ಹೆಂಗಸರೇ ಇರಬೇಕೆಂದು ಕಾನೂನು ಬಂದಿತ್ತು. ಮೇಲೆ ಅವಳ ಹೆಸರು, ಅದರ ಕೆಳಗೆ ಅವನದು. ಗೆದ್ದವಳು ಸಭೆಯಲ್ಲಿ ಎದ್ದು ತನ್ನ ಬಾಯಿಂದಲೇ ರಾಜೀನಾಮೆ ಹೇಳಿಬಿಟ್ಟರೆ ಸೀಟು ಕೆಳಗಿನ ಹೆಸರಿಗೆ. ಎಲ್ಲ ಸಲೀಸಾಗಿತ್ತು, ಅವಳು ಗೆದ್ದೂ ಆಗಿತ್ತು; ನಾಳೆ ಸಭೆಯಲ್ಲಿ ಆ ಒಂದು ಮಾತು ಹೇಳುವುದಷ್ಟೇ ಬಾಕಿ. ಪ್ರಚಾರದ ಭಾಷಣವನ್ನೂ ಅವನೇ ಬರೆಸಿ ಬಾಯಿಪಾಠ ಮಾಡಿಸಿದ್ದ: ಕೆಲಸದಲ್ಲಿ ಕೈಕಾಲು ಕಳಕೊಂಡ ಪ್ರತಿ ಹೆಣ್ಣಿಗೂ ಬದುಕಿರುವವರೆಗೆ ಸಂಬಳ ಕೊಡಿಸ್ತೀನಿ. ಅವನದೇ ಯಂತ್ರಕ್ಕೆ ಬಲಗೈ ಬೆರಳೆಲ್ಲ ಕೊಟ್ಟು ಮನೆ ಸೇರಿದ್ದ ಮೋಟಮ್ಮ ಅದನ್ನು ಕೇಳಿ ಮೈಕಕ್ಕನನ್ನು ತಬ್ಬಿಕೊಂಡು ಅತ್ತಿದ್ದಳು. ಎಡವಟ್ಟಾದದ್ದು ಅಲ್ಲೇ. ಬರೆದುಕೊಟ್ಟ ಮಾತನ್ನು ಮೈಕಕ್ಕ ತನ್ನ ಮಾತೇ ಅಂದುಕೊಂಡುಬಿಟ್ಟಳು.

“ಹೇಳೇ,” ಎಂದ ಯಜಮಾನ. “ಆರೋಗ್ಯ ಸರಿಯಿಲ್ಲದ ಕಾರಣ...”

“ಗುಂಡುಕಲ್ಲಿನ ಹಾಗೆ ಇದೀನಲ್ಲ ಧಣಿ.”

ಪೈಪು ಮತ್ತೆ ಬಿತ್ತು. ಅಂಗಿ ಹರಿದು ಚರ್ಮ ಎದ್ದಿತು.

“ಪಟ್ಟಿಗೊಂದು ಲಂಗ ಬೇಕಿತ್ತು, ನಿನ್ನ ನೇತುಹಾಕ್ದೆ. ಕೋಳಿ ಕರುಳು ಬಗೆಯೋ ಸೂಳೆಮುಂಡೆಗೆ ಸಂಸತ್ತು ಬೇಕಾ?”

“ಮೋಟಮ್ಮಂಗೆ ಮಾತು ಕೊಟ್ಟಿದೀನಿ.”

“ಅವಳಿಗೆ ಕೊಡಬೇಕಾದವನು ಯಾರೇ? ನಾನು. ನನ್ನ ಜೇಬಿಗೆ ಕೈ ಹಾಕೋಕೆ ನಾನೇ ನಿನ್ನ ಕಳಿಸ್ಲಾ?”

“ನಂಗೆ ಮೇಸ್ತ್ರಿ ಕೆಲಸ ಕೊಡ್ತಾರಂತೆ ಕಣೇ,” ಗಂಡ ಗೋಗರೆದ. “ಒಂದು ಮಾತು ಹೇಳಿಬಿಡು, ನಿನ್ನ ದಮ್ಮಯ್ಯ.” ಅಳುತ್ತಲೇ ಹೊಡೆಯುತ್ತಿದ್ದ, ಹೇಡಿ ನನ್ಮಗ.

ಯಜಮಾನನ ತಾಳ್ಮೆ ಕೆಟ್ಟಿತು. ಪುಕ್ಕ ಬಿಡಿಸಲು ಕೋಳಿ ಅದ್ದುವ ಬಿಸಿನೀರಿನ ತೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು. ಅವಳ ಎಡಗೈ ಎಳೆದು ಮೊಳಕೈವರೆಗೆ ಅದ್ದಿದ.

“ಉದ್ದ ತೋಳಿನ ಅಂಗಿ ಹಾಕಿಸಿದ್ರಾಯ್ತು,” ಎಂದ.

ಆಗ ಕೂಗಿದಳು ಮೈಕಕ್ಕ. ಶೆಡ್ಡಿನ ತಗಡು ನಡುಗಿತು. ಬಾಗಿಲ ಆಚೆ ಕೆಲಸದ ಹೆಂಗಸರೆಲ್ಲ ನಿಂತಿದ್ದರು. ಯಜಮಾನ ಅವರನ್ನು ಹೊರಗಟ್ಟಿದ್ದ, ಆದರೆ ಒಬ್ಬಳೂ ಮನೆಗೆ ಹೋಗಿರಲಿಲ್ಲ. ಹೊಸ ಎಂಪಿಯನ್ನು ನೋಡಿಕೊಂಡು ಹೋಗೋಣವೆಂದು ಮೋಟಮ್ಮನೂ ಬಂದಿದ್ದಳು.

ಮೈಕಕ್ಕನ ಬಲಗೈ ಮೇಜಿನ ಮೇಲೆ ತಡಕಾಡಿತು. ಮಚ್ಚು ಸಿಕ್ಕಿತು. ತನ್ನನ್ನು ಹಿಡಿದಿದ್ದ ಕೈಯ ಮಣಿಕಟ್ಟಿಗೆ ಬೀಸಿಬಿಟ್ಟಳು.

ಯಜಮಾನ ತೊಟ್ಟಿಗೆ ಡಿಕ್ಕಿ ಹೊಡೆದು ನೆಲಕ್ಕೆ ಬಿದ್ದ. ಕೋಳಿರಕ್ತ ಹರಿಯುವ ಮೋರಿಯಲ್ಲೇ ಅವನದೂ ಹರಿಯಿತು. ಗಂಡ ಪೈಪು ಬಿಸಾಕಿ ಬಾಗಿಲಿಗೆ ಓಡಿದ, ಎಳೆದ, ಒದ್ದ.

“ತೆಗೀರೇ, ಯಾರಾದ್ರೂ ತೆಗೀರೇ.”

ಸುಟ್ಟ ಕೈಯನ್ನು ಎದೆಗೆ ಒತ್ತಿಕೊಂಡು, ಮಚ್ಚು ಕೆಳಗಿಡದೆ, ಮೈಕಕ್ಕ ಬಾಗಿಲ ಕಡೆ ಹೆಜ್ಜೆ ಹಾಕಿದಳು. ಹೊರಗೆ ಮೋಟಮ್ಮ ಬೆರಳಿಲ್ಲದ ಅಂಗೈಯಿಂದ ಚಿಲಕ ಒತ್ತಿ ಹಿಡಿದಿದ್ದಳು.